ಪಾರ್ಕಿನ್ಸನ್: ಆಟದಲ್ಲಿ ಅಂಕ ಏರಿದರೆ ಸಾಕೇ?

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯ ಲಕ್ಷಣಗಳನ್ನು ಗಮನಿಸಿ ನಡುಕದ ಕಾಯಿಲೆಯ ಬಗ್ಗೆ ಪುಸ್ತಿಕೆ ಬರೆದರು. ಈ ಕಾಯಿಲೆಯಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆಯಾಗದು ಎಂದು ಅದರಲ್ಲಿ ಹೇಳಿದರು. ಎರಡು ಶತಮಾನ ಕಳೆದರೂ ಆ ನಂಬಿಕೆ ನಮ್ಮನ್ನು ಪೂರ್ತಿ ಬಿಟ್ಟಿಲ್ಲ. ಕೈ ನಡುಗುತ್ತದೆಯೇ, ನಡಿಗೆ ಹೇಗಿದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಲೆಕ್ಕಪತ್ರ ನೋಡಿಕೊಳ್ಳಲು ಆಗುತ್ತಿದೆಯೇ ಎಂದು ಕೇಳುವವರು ಅಪರೂಪ. ಸಿಡ್ನಿಯ ಸಂಶೋಧಕರು ರೋಗಿಗಳ ಗುಂಪೊಂದನ್ನು ಎರಡು ದಶಕ ಗಮನಿಸುತ್ತ ಬಂದರು. 20 ವರ್ಷದ ನಂತರವೂ ಬದುಕಿದ್ದವರಲ್ಲಿ ಶೇ 83ರಷ್ಟು ಮಂದಿಗೆ ಡಿಮೆನ್ಷಿಯಾ ಬಂದಿತ್ತು.

ಡಿಮೆನ್ಷಿಯಾಕ್ಕೆ ಬಹಳ ಮೊದಲೇ ತೊಂದರೆ ಶುರುವಾಗುತ್ತದೆ. ಅಲ್ಝೈಮರ್‌ನಲ್ಲಿ ಆಗುವಂತೆ ಇತ್ತೀಚಿನ ಸಂಗತಿಗಳು, ಹೆಸರುಗಳು ಮೊದಲಿಗೇ ಮರೆತುಹೋಗುವುದಿಲ್ಲ. ಇಲ್ಲಿ ಮೊದಲು ಪೆಟ್ಟು ಬೀಳುವುದು ಹೊಂದಿಸಿಕೊಂಡು ಕೆಲಸ ಮಾಡುವ ಶಕ್ತಿಗೆ. ನಲವತ್ತು ವರ್ಷ ಹುಳಿ ಮಾಡಿದ ಕೈಗೆ ಬೇಳೆ ಬೇಯಿಸಲೂ ಗೊತ್ತು, ಮಸಾಲೆ ರುಬ್ಬಲೂ ಗೊತ್ತು. ಆದರೆ ಕುಕ್ಕರ್ ಕೂಗುವಷ್ಟರಲ್ಲಿ ತರಕಾರಿ ಹೆಚ್ಚಿಟ್ಟುಕೊಳ್ಳಬೇಕು ಎಂಬ ಅನುಕ್ರಮ ಕೈಕೊಡುತ್ತದೆ. ನಡೆಯುತ್ತಿರುವಾಗ ಯಾರಾದರೂ ಮಾತನಾಡಿಸಿದರೆ ಹೆಜ್ಜೆ ತಪ್ಪುತ್ತದೆ. ಇದನ್ನು ಮನೆಯವರು ಸೋಮಾರಿತನ, ಹಟ ಎಂದು ತಿಳಿದು ರೇಗುವುದುಂಟು. ಆ ಸಿಟ್ಟಿನಿಂದ ಆಗುವ ನೋವು ಕಾಯಿಲೆಯ ನೋವಿಗಿಂತ ಕಡಿಮೆಯದಲ್ಲ.

ಈ ಕೊರತೆ ತುಂಬಲು ಈಗ ಮುಂದೆ ಬಂದಿರುವುದು ಮಿದುಳಿನ ಆಟಗಳು: ಮೊಬೈಲ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಬಣ್ಣ ಹೊಂದಿಸುವ, ಸಂಖ್ಯೆ ನೆನಪಿಡುವ ಕಸರತ್ತುಗಳು. ಇವುಗಳಿಂದ ಎಷ್ಟು ಲಾಭ? ನೆದರ್ಲೆಂಡ್ಸ್‌ನ ಕಾಗ್‌ಟಿಪ್ಸ್ ಅಧ್ಯಯನ ಇದನ್ನು ಶ್ರದ್ಧೆಯಿಂದ ಪರೀಕ್ಷಿಸಿತು. ಸುಮಾರು 140 ಮಂದಿ ಪಾರ್ಕಿನ್ಸನ್ ರೋಗಿಗಳು ಎಂಟು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ ಮನೆಯಲ್ಲೇ ಆನ್‌ಲೈನ್ ತರಬೇತಿ ಪಡೆದರು. ಕೆಲವರಿಗೆ ವಿಶೇಷವಾಗಿ ರೂಪಿಸಿದ ಆಟಗಳು, ಉಳಿದವರಿಗೆ ಹಗುರ ಆಟಗಳು. ಸಮಸ್ಯೆಯನ್ನು ಯೋಜಿಸಿ ಬಿಡಿಸುವ ಮುಖ್ಯ ಪರೀಕ್ಷೆಯ ನಿಖರತೆಯಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಷ್ಟದ ಸಮಸ್ಯೆಗಳನ್ನು ಬಿಡಿಸುವ ವೇಗ ತುಸು ಹೆಚ್ಚಿತು, ಅಷ್ಟೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಗೆ ಸಿಕ್ಕಿದ್ದು ಏಳು ಸಣ್ಣ ಅಧ್ಯಯನಗಳು, ಒಟ್ಟು 225 ಮಂದಿ. ತರಬೇತಿ ಉಪಯುಕ್ತ ಎನ್ನಲು ಅಷ್ಟು ಪುರಾವೆ ಸಾಲಲಿಲ್ಲ. ಆಟ ಆಡಿದವರು ಆ ಆಟದಲ್ಲಿ ಪಳಗುತ್ತಾರೆ. ಆ ಪಳಗುವಿಕೆ ಅಡುಗೆಮನೆಗೋ ಬ್ಯಾಂಕಿಗೋ ದಾಟಿಹೋಗುವುದು ಕಷ್ಟ.

ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಆಧಾರವಿಲ್ಲದ ಭರವಸೆ ಕೊಟ್ಟ ಪ್ರಕರಣದಲ್ಲಿ ಲುಮೊಸಿಟಿ ಆಟಗಳ ಕಂಪನಿ 2016ರಲ್ಲಿ ಅಮೆರಿಕದ ವಾಣಿಜ್ಯ ನಿಯಂತ್ರಕರೊಂದಿಗೆ 20 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಳ್ಳಬೇಕಾಯಿತು. ಖುಷಿಗಾಗಿ ಪದಬಂಧ ಬಿಡಿಸಲಿ, ಚೌಕಾಬಾರ ಆಡಲಿ, ಬೇಡ ಎನ್ನುವುದಿಲ್ಲ. ಪಿಂಚಣಿಯ ಹಣವನ್ನು ಆ್ಯಪ್‌ಗಳ ಚಂದಾಕ್ಕೆ ಸುರಿಯುವುದು ಬೇಡ.

ನನಗೆ ಹೆಚ್ಚು ಭರವಸೆ ಮೂಡಿಸಿದ್ದು ವೇಲ್ಸ್‌ನಲ್ಲಿ ಸಣ್ಣ ಪ್ರಮಾಣದಲ್ಲಿ ನಡೆದ ಪ್ರಯೋಗ. ಅಲ್ಲಿ ರೋಗಿ ಮತ್ತು ಮನೆಯವರೇ ಗುರಿ ಆರಿಸಿಕೊಂಡರು, ಚಿಕಿತ್ಸಕರು ಅದನ್ನೇ ಅಭ್ಯಾಸ ಮಾಡಿಸಿದರು. ಆರಿಸಿಕೊಂಡ ಕೆಲಸದಲ್ಲಿ ಸುಧಾರಣೆ ಕಂಡಿತು. ಇದನ್ನು ನಮ್ಮ ಮನೆಗಳಿಗೆ ಅನ್ವಯಿಸುವುದು ಸುಲಭ. ಉದಾಹರಣೆಗೆ, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆಯನ್ನು ದಿನಕ್ಕೆ ಹಲವು ಬಾರಿ, ಹೊತ್ತಿಗೆ ಸರಿಯಾಗಿ ನುಂಗಬೇಕು. ತಡವಾದರೆ ಮೈ ಬಿಗಿಯುತ್ತದೆ. ಖಾನೆಗಳಿರುವ ಡಬ್ಬಿ, ಅದಕ್ಕೊಂದು ಕಾಯಂ ಜಾಗ, ಫೋನಿನ ಅಲಾರಂ, ಅಲಾರಂ ಕೇಳಿದೊಡನೆ ಬೇರೆಲ್ಲ ಬಿಟ್ಟು ಡಬ್ಬಿಯತ್ತ ಹೋಗುವ ರೂಢಿ: ಇಷ್ಟನ್ನು ವಾರಗಟ್ಟಲೆ ಕಲಿಸುವುದೂ ತರಬೇತಿಯೇ.

ಅದಕ್ಕೂ ಮೊದಲು ಔಷಧದ ಚೀಟಿಯನ್ನು ನೋಡಬೇಕು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ, ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಿಸುತ್ತದೆ. ಪಾರ್ಕಿನ್ಸನ್ ಡಿಮೆನ್ಷಿಯಾಕ್ಕೆ ಕೊಡುವ ರಿವಾಸ್ಟಿಗ್ಮಿನ್ ಅದೇ ರಾಸಾಯನಿಕವನ್ನು ಹೆಚ್ಚಿಸುವ ಔಷಧ. ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಆಟ ಆಡಿಸುವುದರಲ್ಲಿ ಅರ್ಥವಿಲ್ಲ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯ, ವೈದ್ಯರನ್ನು ಕೇಳಲೇಬೇಕು. ಬಿ12 ಕೊರತೆ, ಖಿನ್ನತೆ, ನಿದ್ದೆಗೇಡುಗಳನ್ನೂ ಇದೇ ಹಂತದಲ್ಲಿ ತಪಾಸಣೆ ಮಾಡಿಸಬೇಕು.

ಇಂಥ ತಪಾಸಣೆ, ತರಬೇತಿ ಕೊಡುವುದು ರಾಜ್ಯಕ್ಕೆ ಕೈಗೆಟುಕದ ಕೆಲಸವೇನಲ್ಲ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ 2022ರಲ್ಲಿ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಿಂದ ಆರಂಭವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ರೂಪಿಸಿದ ಅರಿವಿನ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಜಿಲ್ಲಾ ಆಸ್ಪತ್ರೆಗೆ ಬರುವ ಪ್ರತಿ ಪಾರ್ಕಿನ್ಸನ್ ರೋಗಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕು. ಯಾವ ಕೆಲಸ ಕೈತಪ್ಪುತ್ತಿದೆ ಎಂದು ಅವರನ್ನೂ ಮನೆಯವರನ್ನೂ ಕೂರಿಸಿ ಕೇಳಬೇಕು. ಅವರು ಹೇಳಿದ ಆ ಒಂದು ಕೆಲಸವನ್ನು ಕಲಿಸಲು ಆಕ್ಯುಪೇಷನಲ್ ಥೆರಪಿಸ್ಟ್ ಹುದ್ದೆಯೊಂದನ್ನು ಅಲ್ಲೇ ತುಂಬಬೇಕು.