ಇಸಬು ಇದ್ದವರು ಕಣ್ಣಿನ ಕಡೆಗೂ ನೋಡಬೇಕು

ಎತ್ತಿನ ಕಣ್ಣಾಗ ನೀರು ಸೋರಿದರೆ ಅವತ್ತೇ ದನದ ಡಾಕ್ಟರರನ್ನು ಕರೆಸುವವರು ನಾವು. ಮನೆಯ ಹೆಣ್ಣುಮಕ್ಕಳು ಕಣ್ಣು ಉರಿತಾವ ಅಂದರೆ ಮಾತ್ರ, ‘ಧೂಳು ಬಿದ್ದಿರಬೇಕು, ತೊಳಕೋ’ ಅಂತೀವಿ. ಇಸಬು ಇದ್ದವರಿಗೆ ಇಷ್ಟೇ ಹೇಳಿ ಸುಮ್ಮನಾಗಬಾರದು ಎಂಬುದು ನನ್ನ ಅಭಿಪ್ರಾಯ.

ಇಸಬು ಬರೀ ಕೈಕಾಲಿಗೆ ನಿಲ್ಲುವ ರೋಗ ಅಲ್ಲ. ರೆಪ್ಪೆಯೂ ತೊಗಲೇ, ಅದೂ ಬಹಳ ತೆಳ್ಳಗಿನ ತೊಗಲು. ರೆಪ್ಪೆಯ ಅಂಚಿನಾಗ ಸಣ್ಣ ಎಣ್ಣೆ ಗ್ರಂಥಿಗಳು ಇರತಾವ. ಆ ಎಣ್ಣೆ ಕಣ್ಣೀರಿನ ಮೇಲೆ ಹರಡಿ ನೀರು ಆರದಂಗ ಕಾಯತೈತಿ. ಎರಿ ಹೊಲದಾಗ ಎಡಿಕುಂಟಿ ಹೊಡೆದು ನಾವು ಹಸಿ ಕಾಯತೀವಲ್ಲ, ಹಂಗ. ಇಸಬಿನಿಂದ ರೆಪ್ಪೆ ಬಾತು ಗ್ರಂಥಿ ಕಟ್ಟಿಕೊಂಡರೆ ಕಣ್ಣಿನ ಹಸಿ ಆರತೈತಿ, ಉಸುಕು ಬಿದ್ದಂಗ ಚುಚ್ಚತೈತಿ. ಒಣಗಿದ ಕಣ್ಣಿನಿಂದಲೇ ಒಮ್ಮೊಮ್ಮೆ ನೀರು ಸುರಿಯತೈತಿ. ಅದಕ್ಕೇ ಬಹಳ ಮಂದಿಗೆ ಇದು ಒಣಗಣ್ಣು ಅಂತ ತಿಳಿಯೂದಿಲ್ಲ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಒಣ ಗಾಳಿ, ಜೋಳ ಕಡಲಿ ರಾಶಿಯ ಹೊಟ್ಟು ಇದನ್ನು ಹೆಚ್ಚು ಮಾಡತಾವ. ಅದರ ಮೇಲೆ ಕಾಂಗ್ರೆಸ್ ಕಸ. 1955ರ ಸುಮಾರಿಗೆ ಪುಣೆಯಲ್ಲಿ ಕಂಡ ಈ ಕಸ ಇವತ್ತು ಕಿತ್ತೂರಿನಿಂದ ರಾಮದುರ್ಗದವರೆಗೆ ಬದು, ರಸ್ತೆ ದಂಡಿ ಹಿಡಿದು ಬೆಳೆದೈತಿ. ಇದು ಒಗ್ಗದವರಿಗೆ ಮುಖ, ಕುತ್ತಿಗೆ, ರೆಪ್ಪೆಯ ಮೇಲೆ ಇಸಬು ಏಳತೈತಿ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ದುಂಬಿ ಬಿಟ್ಟರು. ಮಳೆಗಾಲದಾಗ ಅದು ಎಲೆ ತಿಂದರೂ ಕಸ ಮುಗಿದಿಲ್ಲ. ಕಸ ಕೀಳುವವರು ಹೆಚ್ಚಾಗಿ ಹೆಣ್ಣುಮಕ್ಕಳು, ತ್ರಾಸೂ ಅವರಿಗೇ.

ನನ್ನ ದೊಡ್ಡ ತಕರಾರು ಮುಲಾಮಿನ ಬಗ್ಗೆ. ಸಂತೆಗೆ ಹೋದಾಗ ಔಷಧ ಅಂಗಡಿಯಲ್ಲಿ ‘ಇಸಬಿನ ಟ್ಯೂಬ್ ಕೊಡ್ರಿ’ ಅಂತೀವಿ. ಅಂಥ ಬಹಳ ಟ್ಯೂಬಿನಾಗ ಸ್ಟಿರಾಯ್ಡ್ ಇರತೈತಿ. 2018ರಲ್ಲಿ ಕೇಂದ್ರ ಸರಕಾರ ಇವನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಬಿಗಿ ಮಾಡಿತು. ಆ ನಿಯಮವನ್ನು ಕೊಳ್ಳುವ ನಾವೂ ಪಾಲಿಸಬೇಕು. ಡಾಕ್ಟರು ಕೈಕಾಲಿಗೆ ಅಂತ ಕೊಟ್ಟದ್ದನ್ನು ರೆಪ್ಪೆಗೆ ಹಚ್ಚಬಾರದು. ಸ್ಟಿರಾಯ್ಡ್ ಇರುವ ಮುಲಾಮು, ಹನಿ ತಿಂಗಳುಗಟ್ಟಲೆ ಹಾಕಿದರೆ ಉರಿ ಇಳಿದಂಗ ಕಂಡರೂ ಒಳಗ ಕಣ್ಣಿನ ಒತ್ತಡ ಏರಬಹುದು. ನೋವು ಇರೂದಿಲ್ಲ, ಗೊತ್ತಾಗೂದಿಲ್ಲ. ಪೊರೆ ಬಂದರೆ ಆಪರೇಶನ್ ಐತಿ. ಒತ್ತಡದಿಂದ ನರ ಕೆಟ್ಟು ಹೋದ ನೋಟ ತಿರುಗಿ ಬರೂದಿಲ್ಲ.

ಹರಳೆಣ್ಣೆ, ಎದೆಹಾಲು ಬಿಡುವುದೂ ಬೇಡ. ಸ್ವಚ್ಛ ಅರಿವೆಯನ್ನು ಬೆಚ್ಚನೆ ನೀರಿನಾಗ ಅದ್ದಿ, ಮುಚ್ಚಿದ ರೆಪ್ಪೆಯ ಮೇಲೆ ಐದು ಹತ್ತು ನಿಮಿಷ ಇಡಬೇಕು, ದಿನಕ್ಕೆ ಎರಡು ಸಲ. ಆಮೇಲೆ ರೆಪ್ಪೆ ಅಂಚು ಮೆಲ್ಲಗೆ ಒರೆಸಬೇಕು. ಕಣ್ಣು ತಿಕ್ಕಬಾರದು. ಇಸಬು ಇರುವ ಹುಡುಗರು ತಿಕ್ಕಿ ತಿಕ್ಕಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರು ತೆಳ್ಳಗಾಗಿ ಮುಂದಕ್ಕೆ ಉಬ್ಬುವುದುಂಟು. ರಾಶಿ ಮಾಡುವಾಗ ಅಗ್ಗದ ಚಾಳೀಸು ಆದರೂ ಇರಲಿ. ಕಸ ಕಿತ್ತ ಮೇಲೆ ಕೈ, ಮುಖ ತೊಳೆಯಬೇಕು.

ಬೆಳಕು ನೋಡಲಾಗದಿದ್ದರೆ, ನೋವಿದ್ದರೆ, ಮಂಜಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಬಹಳ ದಿನ ಸ್ಟಿರಾಯ್ಡ್ ಹಚ್ಚಿದವರು ಕಣ್ಣಿನ ಒತ್ತಡ ಅಳೆಸಿಕೊಳ್ಳಬೇಕು.

ಪಂಚಾಯತಿಯವರಿಗೂ ಒಂದು ಮಾತು. ಕಾಂಗ್ರೆಸ್ ಕಸವನ್ನು ಹೂವಾಡುವ ಮೊದಲೇ ಕೀಳಿಸಿರಿ, ಕೀಳುವವರಿಗೆ ಕೈಗವಸು ಕೊಡಿರಿ. ಬೆಳಿ ಒಂದು ವರ್ಷ ಹೋದರೆ ಮುಂದಿನ ವರ್ಷ ಬಿತ್ತಬಹುದು. ಕಣ್ಣು ಹೋದರೆ ಮತ್ತೆ ಬಿತ್ತಾಕ ಬರೂದಿಲ್ಲ.