ಊರಂಚಿನ ಮನೆ



ನೌಕರಿಯಿಂದ ನಿವೃತ್ತರಾಗುವ ಗೃಹಸ್ಥರು ನಮ್ಮನ್ನು ಕಾಣಲು ಬಂದಾಗ ಈಚೆಗೆ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಮುಂದಿಡುತ್ತಾರೆ. ಹುಬ್ಬಳ್ಳಿಯ ಪೇಟೆಯೊಳಗಿರುವ ಹಿರಿಯರ ಕಾಲದ ಮನೆಯನ್ನು ಮಾರಿ, ಉಣಕಲ್ಲಿನ ಕಡೆಗೋ ನವನಗರದ ಕಡೆಗೋ ಹೋಗಿ ನೆಲೆಸಬಹುದೆ? ಅಲ್ಲಿ ಗಾಳಿ ಇದೆ, ಬೆಳಕು ಇದೆ, ಶಾಂತಿ ಇದೆ ಎಂದು ಯಜಮಾನರು ಹೇಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ ಇದ್ದಾರೆ. ಪಕ್ಕದಲ್ಲಿ ಕುಳಿತ ಮನೆಯಾಕೆ ಮಾತ್ರ ಸೆರಗಿನ ಅಂಚನ್ನು ನೋಡುತ್ತ ಏನೂ ಹೇಳುವುದಿಲ್ಲ. ಆಕೆಯ ಆ ಮೌನವನ್ನು ಕುರಿತು ಯೋಚಿಸುತ್ತಲೇ ನಾವು ಈ ತಿಂಗಳ ಲೇಖನವನ್ನು ಬರೆಯಲು ಕುಳಿತಿದ್ದೇವೆ.

ಉಣಕಲ್ ಬಡಾವಣೆಯವರು ಕಟ್ಟಿದ ಊರಲ್ಲ. ಹುಬ್ಬಳ್ಳಿ-ಧಾರವಾಡ ಎರಡೂ ಕೂಡಿ 1962ರಲ್ಲಿ ಒಂದು ಮಹಾನಗರಪಾಲಿಕೆಯಾಗುವ ಎಷ್ಟೋ ಶತಮಾನಗಳ ಮೊದಲೇ ಇಲ್ಲಿ ಊರಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಚಂದ್ರಮೌಳೀಶ್ವರ ದೇವಾಲಯವೇ ಅದಕ್ಕೆ ಸಾಕ್ಷಿ. ಈ ದೇವಾಲಯವಿಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಸುತ್ತಲಿನ ಮನೆಗಳು ಎಷ್ಟು ಒತ್ತಿಕೊಂಡು ನಿಂತಿವೆಯೆಂದರೆ, ಹೊಸಬರು ಓಣಿಯ ಕೊನೆಗೆ ಬರುವ ತನಕ ಅಲ್ಲೊಂದು ಗುಡಿಯಿದೆಯೆಂದು ಅರಿಯುವುದೇ ಇಲ್ಲ. ಇಂತಹ ಕಟ್ಟಡವನ್ನು ನೋಡಲು ನಮ್ಮವರು ಐಹೊಳೆಗೆ ಹೋಗುತ್ತಾರೆ, ಬೇಲೂರಿಗೆ ಹೋಗುತ್ತಾರೆ. ಹತ್ತು ವರುಷದಿಂದ ಉಣಕಲ್ಲಿನ ಆಚೆ ಮನೆ ಮಾಡಿಕೊಂಡಿರುವ ಒಬ್ಬ ನಿವೃತ್ತ ಅಧಿಕಾರಿಗಳನ್ನು ನಾವು ಕೇಳಿದೆವು. 'ಒಳಗ ಹೋಗಿಲ್ರಿ, ಅಲ್ಲಿ ಕಾರು ನಿಲ್ಲಸಾಕ ಜಾಗಾ ಇಲ್ಲ' ಎಂದರು.

ಊರಿನ ಇನ್ನೊಂದು ಆಸ್ತಿ ಕೆರೆ. ಸುಮಾರು 200 ಎಕರೆಯ ನೀರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಪಿ.ಬಿ. ರಸ್ತೆಯ ಮಗ್ಗುಲಿಗೇ ಹರವಿಕೊಂಡಿದೆ. ಸಂಜೆ ಐದರ ಮೇಲೆ ಇಲ್ಲಿನ ಉದ್ಯಾನಕ್ಕೆ ಸಂಸಾರಗಳು ಬರುತ್ತವೆ. ಮಕ್ಕಳಿಗೆ ಆಟ, ಹಿರಿಯರಿಗೆ ಕಟ್ಟೆ. ನೀರಿನ ನಡುವೆ ನಿಂತ ವಿವೇಕಾನಂದರ ಪ್ರತಿಮೆಯ ಹಿಂದೆ ಸೂರ್ಯ ಇಳಿಯುವುದನ್ನು ನೋಡುತ್ತ ಗಂಡಹೆಂಡಿರು ಮಾತಿಲ್ಲದೆ ಕುಳಿತಿರುವುದನ್ನು ಕಂಡಿದ್ದೇವೆ. ಅದೂ ಒಂದು ಬಗೆಯ ಸಂಭಾಷಣೆಯೇ. ಬೆಳಗಿನ ಹೊತ್ತು ಗಟ್ಟಿ ಕಾಲಿನವರು ನೃಪತುಂಗ ಬೆಟ್ಟವನ್ನು ಏರುತ್ತಾರೆ. ಮೇಲೆ ನಿಂತರೆ ಹುಬ್ಬಳ್ಳಿಯೆಲ್ಲ ಅಂಗೈಮೇಲಿಟ್ಟಂತೆ ತೋರುತ್ತದೆ.

ಆದರೆ ಕೆರೆಯ ಇನ್ನೊಂದು ಮುಖವನ್ನೂ ಹೇಳಬೇಕು. ಮೇಲಿನ ಬಡಾವಣೆಗಳ ಹೊಲಸು ನೀರು ಸೇರಿದಲ್ಲಿ ಅಂತರಗಂಗೆ ಹಬ್ಬುತ್ತದೆ. ಪಾಲಿಕೆಯವರು ಯಂತ್ರ ತಂದು ತೆಗೆಸುತ್ತಾರೆ, ಅದು ಮತ್ತೆ ಹಬ್ಬುತ್ತದೆ. ಕಳೆ ಹಬ್ಬುವುದು ಕೆಳಗಿನ ಹೊಲಸಿನ ಬಲದಿಂದ; ಹೊಲಸು ನಿಲ್ಲದೆ ಬರಿಯ ಕಳೆಯನ್ನು ಕಿತ್ತರೆ ಫಲವೇನು? ಮಳೆಗಾಲದಲ್ಲಿ ಕೆರೆ ತುಂಬಿ ಹೆಚ್ಚಾದ ನೀರು ಉಣಕಲ್ ನಾಲೆಗೆ ಇಳಿದು ಹುಬ್ಬಳ್ಳಿಯ ನಡುವೆಯೇ ಹಾಯ್ದು ಹೋಗುತ್ತದೆ. ಶಾಂತಿ ಬೇಕೆಂದು ಊರಾಚೆ ಬಂದವರ ಬಚ್ಚಲ ನೀರು, ಅವರು ಬಿಟ್ಟುಬಂದ ಪೇಟೆಯ ಬಡವರ ಮನೆಯ ಹಿಂದೆ ಹರಿಯುತ್ತದೆಂಬುದನ್ನು ಹೊಸ ಮನೆ ಕಟ್ಟುವವರು ಒಳಚರಂಡಿಯ ಲೆಕ್ಕ ಹಾಕುವಾಗ ನೆನೆಯಲಿ.

ಇನ್ನು ಊಟದ ಮಾತು. ದುರ್ಗದಬೈಲಿನಲ್ಲಿ ಸಂಜೆ ನಿಂತು ತಿಂದು ಬೆಳೆದವರಿಗೆ ಊರಂಚಿನಲ್ಲಿ ಏನಿದೆಯೆಂಬ ಅನುಮಾನ ಸಹಜ. ಕೆರೆಯ ಬಳಿ ಗಿರ್ಮಿಟ್ ಇದೆ, ಮಿರ್ಚಿ ಇದೆ. ಉಳ್ಳಾಗಡ್ಡಿಯ ಒಗ್ಗರಣೆಗೆ ಹುಣಸೆ ಬೆಲ್ಲ ಹಾಕಿ ಕುದಿಸಿ, ಅದರಲ್ಲಿ ಚುರಮುರಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಟ್ಟ ಗಿರ್ಮಿಟ್ಟನ್ನು ಆ ಗಳಿಗೆಯಲ್ಲೇ ತಿನ್ನಬೇಕು. ಪೊಟ್ಟಣ ಕಟ್ಟಿಸಿ ಮನೆಗೊಯ್ದರೆ ಮೆತ್ತಗಾಗುತ್ತದೆ. ಆದರೆ ನಿತ್ಯದ ಬದುಕು ನಡೆಯುವುದು ಗಿರ್ಮಿಟ್ಟಿನಿಂದಲ್ಲವಷ್ಟೆ. ಅದಕ್ಕೆ ಖಾನಾವಳಿ ಇದೆ.

ನಮ್ಮ ಕಡೆಯ ಖಾನಾವಳಿಯನ್ನು ಹೋಟೆಲೆಂದು ಕರೆಯುವುದಕ್ಕೆ ನಮ್ಮ ಮನಸ್ಸು ಒಪ್ಪುವುದಿಲ್ಲ. ಹೋಟೆಲಿನಲ್ಲಿ ನೀವು ಬೇಡುತ್ತೀರಿ, ಅವರು ತಂದಿಡುತ್ತಾರೆ. ಖಾನಾವಳಿಯಲ್ಲಿ ಆ ಮನೆಯವರು ಉಣ್ಣುವುದನ್ನೇ ನೀವೂ ಉಣ್ಣುತ್ತೀರಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೆಂತ್ಯೆಯ ತಪ್ಪಲು, ಗಟ್ಟಿ ಮೊಸರು, ಕಡೆಗೆ ಅನ್ನ ಸಾರು. ವಿದ್ಯಾರ್ಥಿಗಳು, ನೌಕರಿಯ ಹುಡುಗರು ತಿಂಗಳ ಲೆಕ್ಕದಲ್ಲಿ ಇಲ್ಲಿ ಉಣ್ಣುತ್ತಾರೆ. ಉಣಕಲ್ಲಿನ ಸಮೀಪದ ಅಂತಹದೊಂದು ಖಾನಾವಳಿಯಲ್ಲಿ ನಾವು ಕುಳಿತಿದ್ದಾಗ ಒಲೆಯ ಮುಂದಿನ ತಾಯಿ, 'ಅಜ್ಜಾರ, ಬಿಸಿ ಅದಾವ್ರಿ, ಇನ್ನೊಂದು ನೀಡ್ಲೇನ್ರಿ?' ಎಂದು ಕೇಳುತ್ತಲೇ ಇನ್ನೊಂದು ಕಡೆಗೆ ತಿರುಗಿ, ಎರಡು ದಿನದಿಂದ ಬಾರದ ಹುಡುಗನೊಬ್ಬನಿಗೆ ಜ್ವರವೆಂದು ಕೇಳಿ ಗಂಜಿ ಕಟ್ಟಿಸುತ್ತಿದ್ದಳು. ನಮ್ಮ ಗೃಹಸ್ಥರು ಬಯಸುವ ಶಾಂತಿಯೊಳಗೆ ಹೀಗೆ 'ಬಂದಿಲ್ಲವಲ್ಲ' ಎಂದು ಕೇಳುವವರು ಒಬ್ಬರಾದರೂ ಇರುವರೆ?

ಪೇಟೆಯ ಮನೆಯಲ್ಲಿ ಇರುವರು. ಮನೆಯಾಕೆಯ ಮೌನದ ಅರ್ಥ ಅದೇ ಎಂದು ನಮಗೆ ತೋರುತ್ತದೆ. ಘಂಟಿಕೇರಿಯ ಓಣಿಯಲ್ಲಿ ಮುವ್ವತ್ತು ನಲವತ್ತು ವರುಷ ಬಾಳಿದ ತಾಯಿಗೆ ಎದುರುಮನೆಯ ಕಟ್ಟೆಯಿದೆ, ಹಪ್ಪಳ ಸಂಡಿಗೆಗೆ ನಾಲ್ಕು ಕೈಗಳಿವೆ, ಬಳೆಗಾರನ ಗುರುತಿದೆ. ಗದ್ದಲವೆಂದು ಯಜಮಾನರು ಕರೆದದ್ದು ಆಕೆಯ ಪಾಲಿಗೆ ಬಳಗ. ಬಡಾವಣೆಯ ಮನೆಗೆ ಕಂಪೌಂಡು ಗೋಡೆಯಿದೆ, ಕಬ್ಬಿಣದ ಗೇಟಿದೆ. ಯಜಮಾನರು ಬೆಳಿಗ್ಗೆ ಕೆರೆಗೆ ಅಡ್ಡಾಡಲು ಹೋಗುತ್ತಾರೆ, ಅಲ್ಲಿ ನಾಲ್ಕು ಜನ ಗೆಳೆಯರನ್ನು ಕಂಡುಕೊಳ್ಳುತ್ತಾರೆ. ಆಕೆಗೆ ಒಲೆ, ಟಿ.ವಿ., ರಾತ್ರಿ ಎಂಟಕ್ಕೆ ಮಗನ ಫೋನು. ಮನೆ ಬದಲಿಸುವಾಗ ಬಹುತೇಕ ಸಂಸಾರಗಳು ಆಕೆಯನ್ನು ಕೇಳುವುದು ಅಡಿಗೆಮನೆಯ ಕಟ್ಟೆಗೆ ಯಾವ ಕಲ್ಲು ಹಾಕಿಸಬೇಕೆಂಬ ಒಂದೇ ಮಾತನ್ನು. ಇದು ನ್ಯಾಯವಲ್ಲ.

ಹಾಗಾದರೆ ಹೋಗಬಾರದೆ? ಹೋಗಬಹುದು. ಆದರೆ ನಮ್ಮ ಅಭಿಪ್ರಾಯದಲ್ಲಿ ಹೊಸ ಪ್ಲಾಟಿಗಿಂತ ಹಳೆಯ ಊರಿಗೆ ನಡೆದು ಹೋಗುವಷ್ಟು ಹತ್ತಿರದ ಮನೆಯನ್ನು, ಅದು ಚಿಕ್ಕದಾದರೂ, ಆರಿಸಿಕೊಳ್ಳುವುದು ಲೇಸು. ಉಣಕಲ್ಲಿನ ಒಳ ಓಣಿಗಳಲ್ಲಿ ಇಂದಿಗೂ ಕಾಯಿಪಲ್ಯದ ಬುಟ್ಟಿಗಳು ಕೂರುತ್ತವೆ, ಸಿದ್ಧಪ್ಪಜ್ಜನವರ ಗುಡಿಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಡೆದು ಬರುತ್ತಾರೆ. ರೊಟ್ಟಿ ಮಾಡಿ ಮಾರುವ ತಾಯಂದಿರು ಈ ಭಾಗದಲ್ಲಿ ಹಲವರಿದ್ದಾರೆ. ಕೈ ನೋಯುವ ವಯಸ್ಸಿನಲ್ಲಿ ಖಡಕ್ ರೊಟ್ಟಿಯನ್ನು ಅವರಿಂದ ತರಿಸಿಕೊಳ್ಳುವುದರಲ್ಲಿ ಯಾವ ಕುಂದೂ ಇಲ್ಲ. ತರಲು ಹೋದ ನೆಪದಲ್ಲಿ ಅರ್ಧ ಗಳಿಗೆ ಮಾತು ನಡೆದರೆ ಅದೇ ಲಾಭ. ಕಾರು ನಡೆಸುವ ಮಗ ಬರುವ ತನಕ ಕಾಯುವ ಮನೆ ಎಷ್ಟು ದೊಡ್ಡದಾದರೂ ಮುಪ್ಪಿಗೆ ಒಗ್ಗದು.

ನವನಗರದ ಕಡೆ ಹೋಗುವವರಿಗೆ ಅನುಕೂಲಗಳು ಬೇರೆ ಬಗೆಯವು. ಅಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಸನಿಹದ ಅಮರಗೋಳದಲ್ಲಿ ಎ.ಪಿ.ಎಂ.ಸಿ. ಪ್ರಾಂಗಣವಿದೆ. ರಸ್ತೆಗಳು ಅಗಲ. ಮಧ್ಯಾಹ್ನದ ಹೊತ್ತು ನಿರ್ಜನ.

ಓಡಾಟಕ್ಕೆ ಚಿಗರಿ ಬಸ್ಸುಗಳಿವೆ. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ತಂಪು ಬಸ್ಸುಗಳಿಗೆ ಅವಳಿನಗರದ ನಡುವೆ ಪ್ರತ್ಯೇಕ ದಾರಿಯೇ ಇದೆ. ಅದಕ್ಕಾಗಿ ಪಿ.ಬಿ. ರಸ್ತೆಯ ಇಕ್ಕೆಲದ ಹಳೆಯ ಮರಗಳು ಹೋದವು. ಆ ನೆರಳಿನಲ್ಲಿ ಧಾರವಾಡದ ತನಕ ಸೈಕಲ್ಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡ ನಮ್ಮಂಥವರಿಗೆ ಈ ದುಃಖ ಇನ್ನೂ ಆರಿಲ್ಲ. ಬಸ್ಸೇನೋ ಸುಖಕರ. ಆದರೆ ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಮಂಡಿ ನೋವಿನವರು ವಾಹನಗಳ ನಡುವೆ ದಾಟಿ ಹೋಗಬೇಕು. ಮನೆ ಕೊಳ್ಳುವ ಮುನ್ನ ಈ ದಾಟುವಿಕೆಯನ್ನು ಮನೆಯಾಕೆಯೊಡನೆ ಒಮ್ಮೆ ಮಾಡಿ ನೋಡಿ. ರೈಲಿನ ಮಾತೂ ಇದೆ. ಹುಬ್ಬಳ್ಳಿಯ ಸಿದ್ಧಾರೂಢಸ್ವಾಮಿ ನಿಲ್ದಾಣದಲ್ಲಿ 1507 ಮೀಟರು ಉದ್ದದ ಪ್ಲಾಟಫಾರ್ಮು 2023ರಲ್ಲಿ ಲೋಕಾರ್ಪಣೆಯಾಯಿತು. ಅಲ್ಲಿಂದ ಕೆಲವೇ ನಿಮಿಷಗಳ ಆಚೆ ಉಣಕಲ್ಲಿನ ಪುಟ್ಟ ನಿಲ್ದಾಣವಿದೆ. ವೇಗದ ಗಾಡಿಗಳು ಅದರತ್ತ ಕಣ್ಣೆತ್ತಿಯೂ ನೋಡದೆ ಹೋಗುತ್ತವೆ. ನಮಗೆ ಆ ಪುಟ್ಟ ನಿಲ್ದಾಣವೇ ಹೆಚ್ಚು ಪ್ರಿಯ.

ನೀರಿನ ವಿಚಾರವನ್ನು ದಲ್ಲಾಳಿಯ ಬಾಯಿಂದ ಕೇಳಬೇಡಿ. ಅವಳಿನಗರಕ್ಕೆ ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಬರುತ್ತದಾದರೂ ಎಲ್ಲ ಓಣಿಗೂ ನಿತ್ಯವೂ ಬರುವುದಿಲ್ಲ. ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆಂಬುದನ್ನು ಪಕ್ಕದ ಮನೆಯ ತಾಯಿಯನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಹಾಗೆಯೇ ಆಕೆ ಬಾಗಿಲು ತೆರೆದು ಮಾತನಾಡುವವಳೋ ಕಿಟಕಿಯಿಂದಲೇ ಕಳಿಸುವವಳೋ ಎಂಬುದೂ ತಿಳಿಯುತ್ತದೆ. ರವಿವಾರ ಮುಂಜಾನೆ ಹೋಗಿ ನೋಡಿದರೆ ಎಲ್ಲ ಬಡಾವಣೆಗಳೂ ಚೆಲುವಾಗಿಯೇ ಕಾಣುತ್ತವೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ವಾರದ ನಡುವಿನ ದಿನ, ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಹೋಗಿ ಆ ಓಣಿಯಲ್ಲಿ ಕೊನೆಯ ತನಕ ನಡೆದು ಬನ್ನಿ. ಮರಳಿ ಬರುವಾಗ ಬಸ್ಸಿನಲ್ಲಿ ಯಜಮಾನರು ಸುಮ್ಮನಿರಲಿ, ಆಕೆ ಮಾತನಾಡಲಿ.