ಕಂದು ಬೂಟಿನ ಉಪಚಾರ

ನಮ್ಮ ಸೋದರಳಿಯನೊಬ್ಬ ಓದಿಗಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾನೆ. ಈಚೆಗೆ ಗೆಳೆಯನ ಮದುವೆಗೆಂದು ಆ ನಾಡಿನ ಕಿಲ್ಟನ್ನು ಬಾಡಿಗೆಗೆ ತಂದು ಉಟ್ಟನಂತೆ. ಮೊಣಕಾಲಿನವರೆಗೆ ಬರುವ, ನೆರಿಗೆ ಹಿಡಿದ ಉಣ್ಣೆಯ ಉಡುಪು ಅದು. ಕಾಲಿಗೆ ಮಾತ್ರ, ಮುಂಬಯಿಯಿಂದ ಹೊರಡುವಾಗ ಅವನ ತಂದೆ ಕೊಡಿಸಿದ ಕಂದು ತೊಗಲಿನ ಬೂಟು. ಭಾವನವರು ನಿವೃತ್ತಿಯ ಹಣದಲ್ಲಿ ಕೊಡಿಸಿದ್ದು. ಮಳೆಯಲ್ಲಿ ನೆನೆದ ಅದನ್ನು ರಾತ್ರಿ ಹೀಟರಿನ ಮುಂದಿಟ್ಟು ಮಲಗಿದನಂತೆ. ಬೆಳಗಾಗುವಷ್ಟರಲ್ಲಿ ಬೂಟು ಹಪ್ಪಳದಂತೆ ಸೆಟೆದಿತ್ತು. "ಮಾಮಾ, ಏನಾದರೂ ಉಪಾಯ ಹೇಳಿ. ಅಪ್ಪನಿಗೆ ಮಾತ್ರ ತಿಳಿಸಬೇಡಿ" ಎಂದು ನಮಗೆ ಬರೆದಿದ್ದಾನೆ.

ಪ್ಯಾಂಟು ತೊಟ್ಟವನ ಬೂಟು ಸ್ವಲ್ಪವಾದರೂ ಮರೆಯಾಗುತ್ತದೆ. ಕಿಲ್ಟು ಉಟ್ಟವನಿಗೆ ಆ ಮರೆಯಿಲ್ಲ. 1746ರ ಕಾನೂನು ಸ್ಕಾಟ್ಲೆಂಡಿನ ಗಂಡಸರಿಗೆ ಈ ಉಡುಪನ್ನು ನಿಷೇಧಿಸಿತ್ತು. 1782ರಲ್ಲಿ ಅದು ರದ್ದಾಯಿತು. ಹೀಗೆ ಮರಳಿ ಪಡೆದ ಉಡುಪನ್ನು ಅತಿಥಿಯಾಗಿ ಉಡುವವನೂ ಅಚ್ಚುಕಟ್ಟಾಗಿ ಉಡುವುದು ಚೆನ್ನ. ಸಂಜೆಯ ಸಮಾರಂಭಕ್ಕೆ ಕಪ್ಪು ಬೂಟು ವಾಡಿಕೆ. ಹಗಲಿನ ಟ್ವೀಡ್ ಕೋಟಿಗೆ ಕಂದು ಒಪ್ಪುತ್ತದೆ. ಕಿಲ್ಟಿಗೆಂದೇ ಇರುವ 'ಗಿಲ್ಲಿ ಬ್ರೋಗ್' ಬೂಟಿಗೆ ನಾಲಗೆಯೇ ಇಲ್ಲ. ಉದ್ದನೆಯ ಲೇಸನ್ನು ಕಣಕಾಲಿಗೆ ಸುತ್ತಿ ಕಟ್ಟುತ್ತಾರೆ. ಜೌಗು ನೆಲದಲ್ಲಿ ನಡೆದವರ ಕಾಲಿಗೆ ಗಾಳಿಯಾಡಿ ಬೇಗ ಒಣಗಲೆಂದು ಈ ಏರ್ಪಾಡು ಎನ್ನುತ್ತಾರೆ. ತೊಗಲನ್ನು ಒಣಗಿಸಬೇಕಾದದ್ದೂ ಗಾಳಿಯೇ, ಬೆಂಕಿಯಲ್ಲ.

ನಾವು ಬರೆದ ಉತ್ತರ ಇಷ್ಟು: ನೆನೆದ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಿಸುತ್ತ, ನೆರಳಿನಲ್ಲಿಡು. ಕೆಸರು ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸು. ಬಿಸಿಗೆ ತೊಗಲಿನ ಜಿಡ್ಡು ಹೋಗಿ ಬಿರುಸಾಗುತ್ತದೆ. ತೊಗಲಿನ ಕ್ರೀಮನ್ನು ತೆಳುವಾಗಿ ಸವರಿ ಒಂದು ರಾತ್ರಿ ಬಿಡು, ಬೇಕೆನಿಸಿದರೆ ಮತ್ತೊಮ್ಮೆ ಸವರು. ಬಿರಿಯದಿದ್ದರೆ ಬಹುಮಟ್ಟಿಗೆ ಮೆದುವಾದೀತು. ಬಿರಿದ ತೊಗಲು ಮಾತ್ರ ಕೂಡಲಾರದು. ಪಾಲಿಷ್ ಬೂಟಿನ ಬಣ್ಣದ್ದೇ ಇರಲಿ, ಇಲ್ಲವೇ ತುಸು ತಿಳಿಯದಾಗಿರಲಿ. ಗಾಢವಾದದ್ದು ಕಲೆ ಕಟ್ಟುತ್ತದೆ. ಲೇಸನ್ನು ಬಿಚ್ಚಿಟ್ಟು ಹಚ್ಚು, ಕೊನೆಗೆ ಹತ್ತಿಯ ಬಟ್ಟೆಯಿಂದ ಚೆನ್ನಾಗಿ ಉಜ್ಜು. ಹೆಚ್ಚಾದ ಪಾಲಿಷ್ ಕಿಲ್ಟಿನೊಡನೆ ತೊಡುವ ಕೆನೆಬಣ್ಣದ ಉದ್ದ ಕಾಲುಚೀಲಕ್ಕೆ ಅಂಟಿದರೆ ಬಾಡಿಗೆಯವನಿಗೆ ದಂಡ ತೆರಬೇಕಾದೀತು.

ಉಪದೇಶ ಮಾಡುವ ನಾವೂ ಈ ಊರಿನ ಮೊದಲ ಮಳೆಗಾಲದಲ್ಲಿ ಗ್ಯಾಸಿನ ಒಲೆಯ ಪಕ್ಕ ಬೂಟು ಒಣಗಿಸಿ, ಅದು ಬಿರಿದ ಮೇಲೆ ವಾರವಿಡೀ ಚಪ್ಪಲಿಯಲ್ಲೇ ಆಫೀಸಿಗೆ ಹೋದವರು. ಆ ಸಂಗತಿಯನ್ನು ಅಳಿಯನಿಗೆ ಮುಚ್ಚಿಡಲಿಲ್ಲ. ಕೊನೆಗೆ ಬರೆದೆವು: "ಅಪ್ಪನಿಗೆ ನಾವು ಹೇಳುವುದಿಲ್ಲ, ನೀನೇ ಹೇಳು."

ಹೇಳಿದನಂತೆ. ಭಾವನವರು ಮದುವೆಯ ಫೋಟೋ ತರಿಸಿ ನೋಡಿ, "ಬೂಟಿರಲಿ, ಮೊಣಕಾಲಿಗೆ ಚಳಿಯಾಗಲಿಲ್ಲವೇನೋ?" ಎಂದರಂತೆ.